ಹಾಲನ್ ತೀರ್ಪು ಬರೆದದ್ದು

ಹಾಲನ್ ನನ್ನ ಮೈದುನ. ಕಟ್ಟಬೆಟ್ಟಿನ ಪಕ್ಕದ ನಮ್ಮ ಹಟ್ಟಿಯಲ್ಲಿ ಇಂಗ್ಲಿಷ್ ಓದಿದವನು ಅವನೊಬ್ಬನೇ. ವಾತ್ಯಾರ್, ಅಂದರೆ ಶಾಲೆಯ ಮೇಷ್ಟ್ರು, ಆಗಬೇಕೆಂದು ಪರೀಕ್ಷೆಗೆ ಕೂತು, ಪ್ರಬಂಧದಲ್ಲಿ ಒಮ್ಮೆ ಫೇಲಾಗಿದ್ದ. 1931ರಲ್ಲಿ ಮತ್ತೆ ಕಟ್ಟಿದ. ಈ ಸಲವೂ ಹೋದರೆ ಓದು ಸಾಕು, ಆಲೂಗಡ್ಡೆ ಹೊಲಕ್ಕೆ ಇಳಿ ಎಂದು ನನ್ನ ಯಜಮಾನರು ಹೇಳಿಯಾಗಿತ್ತು.

ಅವನಿಗೆ ಪಾಠ ಹೇಳುತ್ತಿದ್ದ ರಾಜಾಮಣಿ ವಾತ್ಯಾರ್ ಒಂದು ದಿನ ನಮ್ಮ ಮನೆಗೇ ಬಂದರು.

"ಟೀ ಹಾಕಿದರೆ ಏನು ಲಾಭ, ಆಲೂಗಡ್ಡೆ ಹಾಕಿದರೆ ಏನು ಲಾಭ, ಎರಡೂ ಚೆನ್ನಾಗಿ ಬರೀತಾನೆ. ಯಾವುದು ಮೇಲು ಅಂತ ಮಾತ್ರ ಬರೆಯಲ್ಲ! ಹೇಳಿದ್ದನ್ನ ಒಟ್ಟುಮಾಡೋಕೆ 'ಟು ಸಮ್ ಅಪ್', ತೀರ್ಮಾನಕ್ಕೆ 'ದೇರ್‌ಫೋರ್'. ಬಾಯಿಗೆ ಬರುತ್ತೆ, ಕೈಗೆ ಬರಲ್ಲ."

ಹಾಲನ್ ತಲೆ ತಗ್ಗಿಸಿದ. "ಓದೋರು ದೊಡ್ಡೋರು, ವಾತ್ಯಾರೇ. ಎರಡು ಕಡೆ ಮಾತೂ ಅವರ ಮುಂದೆ ಇಟ್ಟೆ. ತೀರ್ಪೂ ನಾನೇ ಹೇಳಿದರೆ ಮರ್ಯಾದೆಯಾ?"

ಅಲ್ಲಿತ್ತು ಗಂಟು! ಜಗಳ ತೀರಿಸುವ ನಮ್ಮ ಹಟ್ಟಿಯ ಕೂಟದಲ್ಲಿ ಚಿಕ್ಕವರು ನಡೆದದ್ದನ್ನು ಹೇಳಿ ಸುಮ್ಮನಾಗಬೇಕು. ಕೊನೆಯ ಮಾತು ಹಿರಿಯರದ್ದು. ಇವನು ಪರೀಕ್ಷೆಯಲ್ಲೂ ಕೂಟದ ರೀತಿಯನ್ನೇ ನಡೆಸಿದ್ದ.

ಕೂಟದಲ್ಲಿ ತೀರ್ಪು ಹೇಳುತ್ತಿದ್ದವರು ನಮ್ಮ ಮನೆಯ ಅಜ್ಜ; ಅಜ್ಜನನ್ನು ನಾವು ಹೆತ್ತಪ್ಪ ಅನ್ನುತ್ತೇವೆ. ಅವರು ಒಲೆಯ ಪಕ್ಕದಲ್ಲೇ ಕೂತು ಎಲ್ಲ ಕೇಳಿ ನಕ್ಕರು. "ನಾಳೆ ಕೂಟಕ್ಕೆ ಬಾರೋ, ಮಂಕೇ."

ಮರುದಿನ ಭೋಜನ್‌ನ ಎಮ್ಮೆಗಳು ಲಿಂಗನ್‌ನ ಸಾಮೆ ಮೇದ ಜಗಳ. ಹೆಂಗಸರು ನಾವು ದೂರ ನಿಂತು ಕೇಳುತ್ತಿದ್ದೆವು. ಇಬ್ಬರ ಮಾತೂ ಮುಗಿಯಿತು. ಎಲ್ಲರೂ ಹೆತ್ತಪ್ಪನ ಕಡೆ ತಿರುಗಿದರು.

"ಹಾಲಾ, ನೀ ಹೇಳು."

"ಇವನಾ? ಮೀಸೆ ಮೊನ್ನೆ ಬಂತು!" ಎಂದ ಭೋಜನ್.

"ಕೇಳಿದ್ದು ನಾನು. ಕೇಳಿದ ಮೇಲೂ ಹೇಳದಿದ್ದರೆ ಅದೇ ಅಮರ್ಯಾದೆ" ಎಂದರು ಹೆತ್ತಪ್ಪ.

ಹಾಲನ್ ಎದ್ದು ನಿಂತ. "ಒಟ್ಟಿನಲ್ಲಿ, ಬೇಲಿ ಮುರಿದಿತ್ತು ಅಂತ ಲಿಂಗಣ್ಣ ಒಪ್ಪಿದ. ಎಮ್ಮೆ ಕಾಯೋರಿರಲಿಲ್ಲ ಅಂತ ಭೋಜಣ್ಣ ಒಪ್ಪಿದ. ಆದ್ದರಿಂದ, ಇಬ್ಬರೂ ಸೇರಿ ಬೇಲಿ ಕಟ್ಟಲಿ. ಮೇದ ಸಾಮೆಗೆ ಭೋಜಣ್ಣ ಸಾಮೆ ಕೊಡಲಿ."

"ಹಾಗೇ ಆಗಲಿ" ಎಂದ ಹೆತ್ತಪ್ಪ ಅವನ ಕಡೆ ನೋಡಿದರು. "ಪರೀಕ್ಷೆಯವರೂ ನಿನ್ನ ಕೇಳ್ತಾರೆ ತಾನೇ? ಕೇಳಿದೋರಿಗೆ ಹೇಳು."

ಫಲಿತಾಂಶ ಬಂದ ದಿನ ಹಾಲನ್ ಏರು ದಾರಿಯುದ್ದಕ್ಕೂ ಕೂಗುತ್ತ ಓಡಿ ಬಂದ. "ಅತ್ತಿಗೇ, ಪಾಸ್! ಪಾಸ್!" ನಾನು ಹಿಡಿದಿದ್ದ ಸೌದೆ ಅಲ್ಲೇ ಬಿತ್ತು.

"ಏನು ಕೇಳಿದ್ದರೋ?" ಎಂದರು ಯಜಮಾನರು.

"ಬೆಟ್ಟದ ಊರಿಗೆ ಮೊದಲು ರಸ್ತೆಯೋ, ಶಾಲೆಯೋ ಅಂತ. 'ಟು ಸಮ್ ಅಪ್' ಅಂತ ಎರಡೂ ಕಡೆ ಸೇರಿಸಿದೆ. 'ದೇರ್‌ಫೋರ್' ಅಂತ ಬರೆದು, ಮೊದಲು ಶಾಲೆ ಅಂದೆ."

"ಮೊದಲು ರಸ್ತೆ ಅಲ್ಲವೇನೋ?"

"ಅಲ್ಲ, ಅಣ್ಣಾ."

ಅಣ್ಣನಿಗೆ ಅವನು ಎದುರು ಹೇಳಿದ್ದು ಅದೇ ಮೊದಲು. ಯಜಮಾನರು ಅವನ ಬೆನ್ನಿಗೆ ಜೋರಾಗಿ ಒಂದು ಬಡಿದು ನಕ್ಕರು.