ಕಾಜಾ ಅಕ್ಕನ ಮನೆಗೆ ಬಂದ ಡಬ್ಬಿ

ನನ್ನ ಹೊಲಿಗೆ ಅಂಗಡಿಗೂ ಕಾಜಾ ಅಕ್ಕನ ಮನೆಗೂ ಮಧ್ಯೆ ಇರುವುದು ಇಪ್ಪತ್ತೆರಡು ಮೆಟ್ಟಿಲು. ಕೆಳಗೆ ನಾನು, ಮೇಲೆ ಅವರು. ಮೂವತ್ತು ವರ್ಷ ಆ ಮೆಟ್ಟಿಲು ನನ್ನ ಪಾಡಿಗೆ ನನ್ನನ್ನು ಬಿಟ್ಟಿತ್ತು. ಈ ವರ್ಷ ಮಾತ್ರ ನನ್ನ ಮಂಡಿಗಳ ಗ್ರಹಚಾರ ಕೆಟ್ಟಿತು.

ಅಕ್ಕನಿಗೆ ಎಪ್ಪತ್ತಾರು. ಕೋಟಿನಲ್ಲಿ ಗುಂಡಿ ತೂರಿಸುವ ಸೀಳಿನ ಸುತ್ತ ಕೈಯಲ್ಲೇ ದಾರ ಸುತ್ತಿ ಹೊಲಿಯುವುದಕ್ಕೆ ನಾವು ಕಾಜಾ ಎನ್ನುತ್ತೇವೆ. ಅದೊಂದೇ ಅವರ ಕಸುಬು. ಯಂತ್ರ ಇದನ್ನು ಒಂದು ನಿಮಿಷದಲ್ಲಿ ಮಾಡುತ್ತದೆ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಅಂಥವರು ಯಂತ್ರದ ಕೋಟನ್ನೇ ತೊಟ್ಟುಕೊಳ್ಳಲಿ, ನನಗೇನು! ಅಕ್ಕ ಒಂದು ಕೋಟು ಹಿಡಿದರೆ ಅದರ ಕಾಜಾಗಳೆಲ್ಲ ಮುಗಿಯುವವರೆಗೆ ಏಳುವುದಿಲ್ಲ. ನಡುವೆ ಎದ್ದು ಬಂದರೆ ಕೈಯ ಬಿಗಿ ಬದಲಾಗುತ್ತದೆ, ಒಂದು ಕಾಜಾ ಇನ್ನೊಂದರ ಹಾಗೆ ಇರುವುದಿಲ್ಲ. ಹಾಗಾಗಿ ಕಿಟಕಿಯ ಪಕ್ಕ ಕುರ್ಚಿ, ಮಡಿಲಲ್ಲಿ ಕೋಟು, ಸತತ ಎರಡೂವರೆ ಗಂಟೆ. ಅಲುಗುವುದು ಬೆರಳ ತುದಿ ಮಾತ್ರ.

ಅಕ್ಕನಿಗೆ ಒಬ್ಬಳೇ ಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಅರ್ಧ ಗಂಟೆ ಬಸ್ಸಿನ ದಾರಿಯಲ್ಲಿ ಅವಳ ಮನೆ. ಒಂದೂವರೆ ವರ್ಷದ ಹಿಂದೆ ಅವಳು ಕೆಲಸದಲ್ಲಿದ್ದಾಗ ಗಂಡ ಮನೆಯಲ್ಲಿ ಕುಸಿದು ಬಿದ್ದ. ಅವಳು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಾದ ಮೇಲೆ ಅವಳ ಕಣ್ಣೆಲ್ಲ ತಾಯಿಯ ಮೇಲೆ. ಒಂದು ದಿನ ಯಾರನ್ನೋ ಕರೆತಂದು ಅಕ್ಕನ ಕೋಣೆಗಳ ಮೂಲೆಗಳಲ್ಲಿ ಬಿಳಿ ಡಬ್ಬಿಗಳನ್ನು ಅಂಟಿಸಿಯೇಬಿಟ್ಟಳು. ಮನುಷ್ಯರು ಓಡಾಡಿದರೆ, ಬಾಗಿಲು ತೆಗೆದರೆ ಅವಕ್ಕೆ ತಿಳಿಯುತ್ತದೆ. ಬೆಳಗಿನಿಂದ ರಾತ್ರಿ ಮಲಗುವವರೆಗೆ, ಮನೆಯೊಳಗಿದ್ದವರು ಎರಡು ಗಂಟೆ ಅಲುಗಾಡದಿದ್ದರೆ ಅವಳ ಫೋನು ಕೂಗಿಕೊಳ್ಳುತ್ತದೆ.

ಕೂಗದೆ ಇರುತ್ತದೆಯೇ? ನಾಲ್ಕನೇ ದಿನವೇ ನನಗೆ ಅವಳ ಫೋನು ಬಂತು.

"ಮಾಮ, ಒಂದ್ಸಲ ಮೇಲೆ ಹೋಗಿ ನೋಡ್ತೀರಾ? ಅಮ್ಮ ಎರಡು ಗಂಟೆಯಿಂದ ಅಲುಗಾಡಿಲ್ಲ ಅಂತ ಬರ್ತಿದೆ. ಫೋನೂ ಎತ್ತುತ್ತಿಲ್ಲ."

ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ, ಹಾಗೇ ಮೆಟ್ಟಿಲು ಹತ್ತಿದೆ. ಅಕ್ಕ ತಲೆ ಎತ್ತದೆ ಕೇಳಿದರು: "ಏನಯ್ಯಾ, ಬೆಂಕಿ ಬಿತ್ತಾ?"

"ನೀವು ಇದ್ದೀರೋ ಇಲ್ವೋ ಅಂತ ನೋಡೋಕೆ ಬಂದೆ!"

"ಇದ್ದೀನಿ. ಬೆಳಕಿಗೆ ಅಡ್ಡ ನಿಂತ್ಕೋಬೇಡ."

ಮರುವಾರ ಮತ್ತೆ ಅದೇ ಕಥೆ. ಈ ಸಲ ಮಗಳೇ ಆಟೋ ಹಿಡಿದು ಓಡಿ ಬಂದಳು. "ನನ್ನ ಕೈಲಿ ಆಗಲ್ಲಮ್ಮ. ಮೂರನೇ ಸಲ ಇದು ಕೂಗಿದ್ರೆ ಗಂಟುಮೂಟೆ ಕಟ್ಕೊಂಡು ನೀನು ನನ್ನ ಮನೆಗೆ ಬರ್ಬೇಕು. ಮಾತು ಮುಗೀತು."

ಅವಳ ಮನೆ ನಾನು ನೋಡಿದ್ದೇನೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಮಧ್ಯಾಹ್ನವೂ ದೀಪ ಹಾಕಬೇಕು. ಅಲ್ಲಿಗೆ ಹೋದರೆ ಅಕ್ಕನ ಕಾಜಾಕ್ಕೆ ಅಂದೇ ಮಂಗಳ. ಅದು ಅಕ್ಕನಿಗೂ ಗೊತ್ತಿತ್ತು. ಅಂದಿನಿಂದ ಅವರು ಅರ್ಧರ್ಧ ಗಂಟೆಗೆ ಎದ್ದು ಮೂಲೆಯ ಡಬ್ಬಿಯ ಮುಂದೆ ನಿಂತು ಕೈಬೀಸತೊಡಗಿದರು. "ಹಾಜರಿ ಹಾಕಿ ಬಂದೆ" ಎಂದು ನನ್ನ ಹತ್ತಿರ ನಗುತ್ತಿದ್ದರು. ನಾನೂ ನಕ್ಕೆ, ಕೋಟು ಕೈಗೆ ಬರುವವರೆಗೆ. ಮೇಲಿನ ಎರಡು ಕಾಜಾ ಬಿಗಿ, ಮೂರನೆಯದು ಸಡಿಲ, ತೋಳಿನವು ಒಂದೊಂದು ಒಂದೊಂದು ಥರ. ನಾನು ಅಕ್ಕನಿಗೆ ತಿಳಿಸದೆ ಬಿಚ್ಚಲು ಕೂತೆ. ಅವರು ಎಷ್ಟು ಹೊತ್ತಿನಿಂದ ಅಂಗಡಿಯ ಬಾಗಿಲಲ್ಲಿ ನಿಂತಿದ್ದರೋ!

"ಗೊತ್ತು ಕಣೋ, ಹಾಳಾಗಿದೆ. ಕೊಡು ಇಲ್ಲಿ, ನಾನೇ ಬಿಚ್ತೀನಿ" ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೆ ಎಷ್ಟು ಸಂಕಟವಾಯಿತೆಂದರೆ, ಹೋಗಿ ಆ ಡಬ್ಬಿಗಳನ್ನು ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು.

ಅಕ್ಕ ನನ್ನಂಥ ದುಡುಕಿನವರಲ್ಲ. ಭಾನುವಾರ ಮಗಳು ಬಂದಾಗ ಮೆತ್ತಗೆ ಶುರು ಮಾಡಿದರು. "ಇಂಥದ್ದೇ ನಿನ್ನ ಮನೇಲೂ ಹಾಕ್ಸು. ಸುದ್ದಿ ನನ್ನ ಫೋನಿಗೆ ಬರ್ಲಿ. ಷರತ್ತು ಇಬ್ಬರಿಗೂ ಒಂದೇ. ಮೂರು ಸಲ ಕೂಗಿದ್ರೆ ಮನೆ ಬಿಡೋದು."

"ನನಗ್ಯಾಕಮ್ಮ? ನನಗೇನು ವಯಸ್ಸಾಗಿದ್ಯಾ?"

"ನಿನ್ನ ಗಂಡನಿಗೆ ವಯಸ್ಸಾಗಿತ್ತಾ?"

ಮಗಳು ಆ ವಾರವೇ ಹಾಕಿಸಿದಳು. ತಾಯಿಗೆ ಹಟ ಹಿಡಿದಿದೆ, ನಾಲ್ಕು ದಿನ ಆಡಿಕೊಳ್ಳಲಿ ಎಂದುಕೊಂಡಳೋ ಏನೋ. ನಾನಂತೂ ಹಾಗೇ ಅಂದುಕೊಂಡಿದ್ದೆ. ಫೋನು ನೋಡುವುದನ್ನು ಅಕ್ಕನಿಗೆ ಕಲಿಸಿದ್ದೂ ನಾನೇ, ಗೊಣಗಿಕೊಂಡು.

ಅದರ ಮುಂದಿನ ಗುರುವಾರ ರಾತ್ರಿ ಎಂಟರ ಹೊತ್ತಿಗೆ ನಾನು ಅಂಗಡಿಯ ಬಾಗಿಲು ಎಳೆಯುತ್ತಿದ್ದೆ. ಅಕ್ಕ ಚಪ್ಪಲಿ ಹಾಕಿಕೊಂಡು, ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲು ಇಳಿದು ಬಂದರು.

"ನೋಡಯ್ಯಾ ಈ ಫೋನನ್ನ. ಐದೂವರೆಗೆ ಬಾಗಿಲು ತೆಗೆದು ಮನೆಯೊಳಗೆ ಬಂದಿದ್ದಾಳೆ. ಆಮೇಲೆ ಯಾವ ಕೋಣೇಲೂ ಅಲುಗಾಟ ಇಲ್ಲ. ಮೊನ್ನೆ ಹೀಗೇ ಆಯ್ತು, ನಿನ್ನೆ ಹೀಗೇ ಆಯ್ತು. ಫೋನು ಮಾಡಿ ಕೇಳಿದ್ರೆ 'ಅಡುಗೆ ಮಾಡ್ತಿದ್ದೀನಮ್ಮ' ಅಂದ್ಳು. ನಾಲ್ಕು ದಿನದಿಂದ ಅಡುಗೆಮನೆಗೆ ಯಾರೂ ಕಾಲಿಟ್ಟಿಲ್ಲ ಅಂತ ಇದು ಹೇಳ್ತಿದೆ. ನಡಿ, ಹೋಗೋಣ."

ನಾನು ಕ್ಯಾರಿಯರ್ ಇಸಿದುಕೊಂಡೆ.

ಬಾಗಿಲು ತೆಗೆದ ಮಗಳು ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು. ಬೂಟು ಕೂಡ ಬಿಚ್ಚಿರಲಿಲ್ಲ. ಹಾಲ್‌ನಲ್ಲಿ ದೀಪವಿಲ್ಲ, ಒಂದು ಕುರ್ಚಿ ಮಾತ್ರ ಬಾಗಿಲಿಗೆ ಮುಖ ಮಾಡಿತ್ತು. ಬಂದಾಗಿನಿಂದ ಅವಳು ಅದರ ಮೇಲೇ ಕೂತಿದ್ದಳು.

"ಅಮ್ಮಾ! ಏನಾಯ್ತು? ಹುಷಾರಾಗಿದ್ದೀಯಾ?"

"ನನಗೇನಾಗಿದೆ ಧಾಡಿ! ಮೂರನೇ ಸಲ ಕೂಗ್ತು ನಿನ್ನ ಡಬ್ಬಿ. ಬಟ್ಟೆ ತುಂಬ್ಕೋ."

ಅವಳು ನಗಲು ಹೋದಳು, ನಗು ಅರ್ಧಕ್ಕೇ ಅಳುವಾಯಿತು. "ಮನೆಗೆ ಬಂದ್ರೆ ಕೈಕಾಲೇ ಆಡಲ್ಲಮ್ಮ. ಆ ಅಡುಗೆಮನೆ ಬಾಗಿಲಲ್ಲೇ ಅಲ್ವಾ ಅವರು ಬಿದ್ದಿದ್ದು? ದಾಟೋಕೆ ಆಗಲ್ಲ. ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ಮನಿದ್ದೆ."

ಕೆಟ್ಟ ಸಿಟ್ಟು ಬಂತು ನನಗೆ, ನನ್ನ ಮೇಲೇ. ಒಂದೂವರೆ ವರ್ಷ ಎಲ್ಲರ ಮುಂದೆ "ಹುಡುಗಿ ಗಟ್ಟಿ, ಸುಧಾರಿಸಿಕೊಂಡಿದ್ದಾಳೆ" ಎಂದು ಹೇಳಿಕೊಂಡು ತಿರುಗಿದವನು ನಾನು.

ಅಕ್ಕ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನೆಲದ ಮೇಲೆ ಕೂತು, ಅವಳ ಬೂಟಿನ ಲೇಸು ಬಿಚ್ಚತೊಡಗಿದರು.

"ನಾನೇನು ಎಲ್ಲಾ ಹೇಳಿದ್ದೀನಾ?" ಎಂದರು, ತಲೆ ಎತ್ತದೆ. "ಕೆಲಸ ಮುಗಿಸಿ ಸೂಜಿ ಇಟ್ಟ ಮೇಲೆ ನನಗೆ ದಿನಾ ಹೆದರಿಕೆ ಆಗುತ್ತೆ ಕಣೇ. ಹೇಳಿದ್ರೆ ನಿನ್ನ ಮನೆಗೆ ಎಳ್ಕೊಂಡು ಹೋಗ್ತೀಯ ಅಂತ ಬಾಯಿ ಬಿಡಲಿಲ್ಲ. ನನ್ನ ಮನೇಲಿ ಇನ್ನೊಂದು ಮಂಚ ಹಿಡಿಯುತ್ತೆ. ಬಾ."

ಮಗಳು ಎದ್ದು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡಳು. ನಾವು ಮೂವರೂ ಒಂಬತ್ತರ ಬಸ್ಸಿಗೆ ವಾಪಸು ಬಂದೆವು.