ಅಮ್ಮ ಕೊಡಬೇಕಿದ್ದ ಬೆಸಾಂವ್

ನಮ್ಮ ಮನೆಯಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ಮುಗಿದ ಕೂಡಲೇ ಊಟವಿಲ್ಲ. ಮೊದಲು ಬೆಸಾಂವ್. ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್ ದಿಯಾ’ ಎಂದು ಕೊಂಕಣಿಯಲ್ಲಿ ಆಶೀರ್ವಾದ ಬೇಡಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು ‘ದೆವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ಅಲ್ಲಿಯವರೆಗೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ. ಹಗಲಿಡೀ ನನ್ನೊಡನೆ ಜಗಳವಾಡಿದ್ದರೂ ಅಮ್ಮ ಸಂಜೆ ಬೆಸಾಂವ್ ಕೊಡದೆ ಬಿಟ್ಟವಳಲ್ಲ. ಅಂಥ ದಿನ ತಲೆಯ ಮೇಲೆ ಕೈ ಸ್ವಲ್ಪ ಜೋರಾಗಿ ಬೀಳುತ್ತಿತ್ತು, ಅಷ್ಟೆ.

ಆ ಅಮ್ಮನಿಗೆ ಮರೆವು ಹಿಡಿಯಿತು. ಮೊದಲು ಗೊತ್ತಾದದ್ದು ಜಪಸರದಲ್ಲೇ. ಹತ್ತು ‘ನಮೋ ಮರಿಯ’ ಆದ ಮೇಲೆ ಮುಂದಿನ ರಹಸ್ಯಕ್ಕೆ, ಅಂದರೆ ಜಪದ ಮುಂದಿನ ಭಾಗಕ್ಕೆ, ಹೋಗಬೇಕಾದವಳು ಹೋಗದೆ ಅದನ್ನೇ ಹೇಳುತ್ತಾ ಕೂತಳು. ಜಪ ನಡೆಸುವ ಹಿರಿಯರನ್ನು ನಡುವೆ ತಡೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನಾವೂ ಮೊಣಕಾಲೂರಿಕೊಂಡು ಉತ್ತರ ಹೇಳುತ್ತಲೇ ಇದ್ದೆವು. ಒಳಗೆ ಸಾರು ತಣ್ಣಗಾಯಿತು. ಹೆಂಡತಿ ನನ್ನ ಮುಖ ನೋಡಿದಳು, ನಾನು ದೇವರ ಪೀಠ ನೋಡಿದೆ. ಕೆಲವು ತಿಂಗಳಲ್ಲಿ ಬೆಸಾಂವ್ ಕೊಡುವುದೂ ನಿಂತಿತು. ಕೈಮುಗಿದು ಮುಂದೆ ನಿಂತರೆ, ಇವರಿಗೆ ಏನು ಬೇಕಾಗಿರಬಹುದು ಎಂಬಂತೆ ನೋಡುತ್ತಿದ್ದಳು.

ಮಗಳ ಮದುವೆ ನಿಶ್ಚಯವಾದದ್ದು ಆಗಲೇ. ಹುಡುಗ ಬಾರ್ಕೂರಿನವನು. ಕುಂದಾಪುರದಲ್ಲಿ ನರ್ಸ್ ಆಗಿರುವ ಮಗಳು ಯಾವುದಕ್ಕೂ ಹಟ ಮಾಡಿದವಳಲ್ಲ. ಆದರೆ ಒಂದು ಮಾತು ಹೇಳಿದಳು. “ಪಪ್ಪ, ಬೇರೆಲ್ಲ ನಿಮ್ಮಿಷ್ಟ. ಮದುವೆ ದಿನ ಇಗರ್ಜಿಗೆ ಹೊರಡುವ ಮುಂಚೆ ಅಜ್ಜಿ ನನಗೆ ಒಂದು ಸಲ ಬೆಸಾಂವ್ ಕೊಡಬೇಕು. ಅದಿಲ್ಲದೆ ನಾನು ಹೇಗೆ ಹೊರಡಲಿ?”

ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಅಜ್ಜಿ. ಆಗಲಿ ಎಂದೆ. ಮೇಷ್ಟ್ರಾಗಿದ್ದವನಿಗೆ ಕಲಿಸಿದರೆ ಯಾರು ಬೇಕಾದರೂ ಕಲಿಯುತ್ತಾರೆಂಬ ಭ್ರಮೆ ಒಂದಿರುತ್ತದೆ. ದಿನಾ ಸಂಜೆ ಅಮ್ಮನ ಮುಂದೆ ಕೂತು ಕೈಮುಗಿದು ‘ಬೆಸಾಂವ್ ದಿಯಾ’ ಎನ್ನುತ್ತಿದ್ದೆ. ಉತ್ತರ ಬರದಿದ್ದರೆ ಮತ್ತೆ ಹೇಳುತ್ತಿದ್ದೆ. ಒಮ್ಮೊಮ್ಮೆ ಗದರಿಸಿದ್ದೂ ಉಂಟು. ಅಮ್ಮ ನನ್ನ ಬಾಯನ್ನೇ ನೋಡುವಳು, ತುಟಿ ಅಲುಗಿಸುವಳು. ಹತ್ತಿರ ಬಂತು, ಇನ್ನೇನು ಬಂತು ಎಂದು ನಾನು ಹಿಗ್ಗುತ್ತಿದ್ದೆ.

ನಮ್ಮಲ್ಲಿಗೆ ಮೀನು ತರುವ ಹೆಂಗಸಿಗೂ ಅದೇ ಚಿಂತೆಯಾಯಿತು. ಬುಟ್ಟಿ ಇಳಿಸುವ ಮುಂಚೆಯೇ ಕೇಳುವಳು. “ಹ್ವಾಯ್ ಮಾಸ್ಟ್ರೇ, ಬಾಯಮ್ಮಂಗೆ ನೆನ್ಪ್ ಬಂತಾ?” ಇಲ್ಲವೆಂದರೆ ಅಮ್ಮನ ಪಕ್ಕ ಕೂತು, “ಬಾಯಮ್ಮ, ನಾನ್ ಯಾರ್ ಹೇಳಿ ಕಾಂಬ?” ಎನ್ನುವಳು. ಒಂದು ದಿನ ದನಿ ತಗ್ಗಿಸಿ ಹೇಳಿದಳು. “ನಾನ್ ನಮ್ಮ ಅಮ್ಮನೋರಿಗೆ ಹೂವಿನ್ ಪೂಜೆ ಹೇಳ್ಕಂಡಿದೆ. ನೀವ್ ಬೇಜಾರ್ ಮಾಡ್ಕಂಬೇಡಿ.”

ಬೇಜಾರೇನು ಬಂತು? ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾನು ಚರ್ಚಿನ ಮಾಸಪತ್ರಿಕೆಗೆ ನಂಬಿಕೆಯ ಬಗ್ಗೆ ಬರೆಯುವವನು. ದೇವರು ಯಾರನ್ನೂ ಮರೆಯುವುದಿಲ್ಲವೆಂದು ಎಷ್ಟು ಸಲ ಬರೆದಿದ್ದೇನೋ. ಓದಿ ಸಮಾಧಾನವಾಯಿತೆಂದು ಜನ ಫೋನ್ ಮಾಡುತ್ತಿದ್ದರು. ಈಗ ಅದೇ ಮಾತು ನೆನಪಾದರೆ ಸಿಟ್ಟು ಬರುತ್ತಿತ್ತು. ಅವನು ಮರೆಯದಿದ್ದರೆ ಸಾಕೇ? ಇವಳ ಪಾಲಿಗೂ ಒಂದೇ ಒಂದು ವಾಕ್ಯ ಉಳಿಸಬಾರದಿತ್ತೇ? ಆ ತಿಂಗಳು ಲೇಖನ ಕಳಿಸಲಿಲ್ಲ. ಆರೋಗ್ಯ ಸರಿಯಿಲ್ಲ ಎಂದೆ.

ಮದುವೆಯ ಹಿಂದಿನ ಸಂಜೆ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಮ್ಮನ ಕೈಯನ್ನು ಬಟ್ಟಲಿಗೆ ಅದ್ದಿಸಿದ್ದೇ ತಡ, ಯಾರೂ ಹೇಳಿಕೊಡದೆ ಮೊಮ್ಮಗಳ ಹಣೆ, ಕೆನ್ನೆ, ತೋಳಿಗೆಲ್ಲ ಹಾಲು ಹಚ್ಚಿದಳು. ಹೆಂಗಸರು ಹಾಡುತ್ತಿದ್ದರು. ಮಗಳು ಅಳುತ್ತಾ ನಗುತ್ತಿದ್ದಳು. ನಾಳೆ ಆಗೇ ಆಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಬೆಳಿಗ್ಗೆ ಕಾರು ಅಂಗಳಕ್ಕೆ ಬಂತು. ಪೀಠದ ಮುಂದೆ ಪ್ರಾರ್ಥನೆಯಾಯಿತು. ಬಿಳಿ ಸೀರೆಯುಟ್ಟ ಮಗಳು ಅಜ್ಜಿಯ ಕುರ್ಚಿಯ ಮುಂದೆ ಮೊಣಕಾಲೂರಿ, ಕೈಮುಗಿದು, “ಬೆಸಾಂವ್ ದಿಯಾ” ಎಂದಳು.

ಅಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದಳು. ನೋಯುವ ಮೊಣಕಾಲನ್ನು ನೆಲಕ್ಕೂರಿ ಮೊಮ್ಮಗಳ ಎದುರೇ ಕೂತಳು. ಕೈಮುಗಿದಳು. ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ, “ಬೆಸಾಂವ್ ದಿಯಾ” ಎಂದಳು.

ನಾನು ದಿನಾ ಹೇಳಿಕೊಟ್ಟದ್ದು ಅದನ್ನೇ ಅಲ್ಲವೇ? ಬೇಡುವವನ ಮಾತನ್ನು ಹೇಳಿ ಹೇಳಿ ತೋರಿಸಿದ್ದೆ. ಕೊಡುವವರ ಮಾತನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಅಮ್ಮನ ಮಾತು, ಅವಳೇ ಹೇಳಲಿ ಎಂದು ಕಾದಿದ್ದೆ.

ಎಲ್ಲರೂ ನನ್ನತ್ತ ನೋಡಿದರು. ಮಗಳೇ ಕೈಯನ್ನು ಅಜ್ಜಿಯ ತಲೆಯ ಮೇಲಿಟ್ಟು “ದೆವ್ ಬರೆಂ ಕರುಂ” ಎಂದಳು. ಅಮ್ಮನ ಮುಖ ಅರಳಿತು. ಮಗಳು ತನಗೆ ಬೇಕಾದದ್ದು ಸಿಗದೆಯೇ ಕಾರು ಹತ್ತಿದಳು.

ಮದುವೆಯ ಗದ್ದಲ ಮುಗಿದ ಮೇಲೆ ಮೀನಿನ ಹೆಂಗಸು ಬಂದು “ಬಾಯಮ್ಮ ಕೊಟ್ರಾ?” ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ಬುಟ್ಟಿಯನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತಳು. “ನಮ್ಮಮ್ಮನೋರೂ ಎಂತ ಮಾಡ್ಲಿಲ್ಲ ಕಾಣಿ ಮಾಸ್ಟ್ರೇ,” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ಸಂಜೆ ಜಪಸರ ಮುಗಿದೊಡನೆ ಎಲ್ಲರಿಗಿಂತ ಮೊದಲು ಅಮ್ಮನೇ ನನ್ನ ಮುಂದೆ ಬಂದು ಕೈಮುಗಿಯುತ್ತಾಳೆ. ತಲೆಯ ಮೇಲೆ ಕೈಯಿಟ್ಟು ಹೇಳಬೇಕಾದ್ದನ್ನು ಹೇಳುತ್ತೇನೆ. ಹೇಳದಿದ್ದರೆ ಅವಳು ಊಟಕ್ಕೆ ಕೂರುವುದಿಲ್ಲ. ಮೊನ್ನೆ ಡಾಕ್ಟರು ನನ್ನ ಎದೆಯ ಪರೀಕ್ಷೆಗೆ ಮಣಿಪಾಲಕ್ಕೆ ಬರೆದುಕೊಟ್ಟರು. ಹೆದರಿಕೆಯಾಗಿತ್ತು. ಮನೆಗೆ ಬಂದವನು ಹಳೆಯ ಅಭ್ಯಾಸದಂತೆ ಸೀದಾ ಅಮ್ಮನ ಬಳಿ ಹೋಗಿ ಕೈಮುಗಿದೆ. ನನ್ನನ್ನು ನೋಡಿ ಅವಳೂ ಕೈಮುಗಿದಳು. ಇಬ್ಬರೂ ಹಾಗೆಯೇ ಎದುರುಬದುರು ಕೂತಿದ್ದೆವು. ಕೊಡುವವರು ಯಾರೂ ಇರಲಿಲ್ಲ.