ಹಡಗಿನ ಕೈಖರ್ಚು, ಸೋರಿಕೆ ಸಹಿತ

ಆ ಹಾಳೆಯನ್ನು ಹರಿದು ನನ್ನ ಗಂಡನ ಮುಖದ ಮೇಲೆ ಎಸೆದೆ ಎಂದು ನಾನು ಕಡಿಮೆಯೆಂದರೂ ಹತ್ತು ಜನರಿಗೆ ಹೇಳಿದ್ದೇನೆ. ಹೇಳುವಾಗ ಕೈ ಬೀಸಿ ತೋರಿಸಿದ್ದೇನೆ. ಹಾಳೆ ಈಗ ನನ್ನ ಮುಂದೆ ಇದೆ. ನಾಲ್ಕು ಮಡಿಕೆ ಬಿದ್ದಿದೆ, ಒಂದು ಮೂಲೆಯಲ್ಲಿ ಎಣ್ಣೆ ಹತ್ತಿದೆ, ಎಲ್ಲಿಯೂ ಹರಿದಿಲ್ಲ. ಹಾಗಾಗಿ ನಾನು ಮುಂದೆ ಹೇಳುವುದನ್ನು ಸ್ವಲ್ಪ ತಡೆದು ನಂಬಿ. ಸಿಟ್ಟು ಮಾತ್ರ ನಿಜ.

ಹಾಳೆಯ ಮೇಲಿರುವುದು ನನ್ನ ಗಂಡನ ಅಕ್ಷರ. ಮೊದಲು ಕಕ್ಕೇರಾದಲ್ಲಿ, ಆಮೇಲೆ ಶಹಾಪುರದಲ್ಲಿ, ನೌಕರಿಯುದ್ದಕ್ಕೂ ಕಾಲುವೆ ಕಚೇರಿಯಲ್ಲಿ ನೀರಿನ ಪಾಳಿ ಬರೆದ ಅಕ್ಷರ ಅದು. ಯಾವ ತೂಬು ಯಾವ ದಿನ ಎಷ್ಟು ತಾಸು ತೆರೆದಿರಬೇಕು, ಯಾರ ಹೊಲಕ್ಕೆ ಮೊದಲು, ಯಾರಿಗೆ ಆಮೇಲೆ ಎಂದು ಬರೆದು ಬರೆದು ಅವರಿಗೆ ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ. ಮಗಳ ಮದುವೆಯ ಅಡುಗೆಯ ಪಟ್ಟಿಯನ್ನೂ ಹಾಗೆಯೇ ಬರೆದಿದ್ದರು.

ಅವರು ನಿವೃತ್ತರಾದ ವರ್ಷ ಕಚೇರಿಯ ಹಳೆಯ ಗೆಳೆಯರು ಸೇರಿ ಹಡಗಿನ ಪ್ರವಾಸ ಗೊತ್ತುಮಾಡಿದರು. ಮುಂಬೈಯಿಂದ ಗೋವಾ, ಗೋವಾದಿಂದ ಮುಂಬೈ, ಹೆಂಡಂದಿರ ಸಮೇತ. ನಮ್ಮ ಕಡೆಯವರಿಗೆ ದೊಡ್ಡ ನೀರು ಅಂದರೆ ಹತ್ತಿಕುಣಿಯ ಕೆರೆ, ಬೋನಾಳದ ಕೆರೆ, ಇಲ್ಲವೇ ತುಂಬಿ ಹರಿಯುವ ಕೃಷ್ಣೆ. ಹಡಗು ಯಾರ ಮನೆಯಲ್ಲಿಯೂ ಸುದ್ದಿಯಾಗಿರಲಿಲ್ಲ. ಟಿಕೆಟ್ಟಿನ ಹಣ ಕಟ್ಟಿ ಆಗಿತ್ತು, ಊಟ ಅದರಲ್ಲೇ ಸೇರಿತ್ತು. ಉಳಿದದ್ದು ಕೈಖರ್ಚು. ಇಬ್ಬರಿಗೂ ಸೇರಿ ಇಪ್ಪತ್ತು ಸಾವಿರ ಎಂದು ಅವರು ತೀರ್ಮಾನಿಸಿದರು. ಅದರಲ್ಲಿ ಅರ್ಧ ನನ್ನ ಪಿಂಚಣಿ. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿದವಳು. ಸಂಬಳ ಬಂದಾಗಲೂ, ಪಿಂಚಣಿ ಬಂದಾಗಲೂ ಅದು ಇಬ್ಬರ ಹೆಸರಿನ ಒಂದೇ ಖಾತೆಗೆ ಹೋಗಿ ಬೀಳುತ್ತಿತ್ತು, ತೆಗೆಯುವವರು ಅವರು. ಯಾರೂ ನನ್ನ ಕೈ ಹಿಡಿದು ಸಹಿ ಮಾಡಿಸಿರಲಿಲ್ಲ. ನಾನೇ ಮಾಡಿದ್ದೆ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಒಂದು ಮುಂಜಾನೆ, ಚಹಾ ಆದ ಮೇಲೆ, ಹಾಳೆಯನ್ನು ನನ್ನ ಮುಂದೆ ಇಟ್ಟರು. ಯಾದಗಿರಿ ಸ್ಟೇಷನ್ನಿನ ತನಕ ಜೀಪು, ರೈಲಿನಲ್ಲಿ ಚಹಾ, ಮುಂಬೈಯ ಟ್ಯಾಕ್ಸಿ, ಗೋವಾದಲ್ಲಿ ತಿರುಗಾಟ, ಗುಳಿಗೆ, ಫೋಟೋ. ಮೊದಲ ದಿನ ಇಷ್ಟು, ಎರಡನೆಯ ದಿನ ಇಷ್ಟು. ಕೆಳಗೆ ‘ಮಂದಿಗೆ ತರುವುದು’ ಎಂದು ಏಳು ಸಾವಿರ. ಅದಕ್ಕೂ ಕೆಳಗೆ, ಎಲ್ಲಕ್ಕಿಂತ ಕೊನೆಗೆ, ‘ಸೋರಿಕೆ’ ಎಂದು ಒಂದು ಸಾವಿರದ ಇನ್ನೂರು.

“ಸೋರಿಕಿ ಅಂದ್ರ ಏನ್ರಿ ಇದು? ಹಡಗ ಸೋರ್ತದೇನು?”

“ಏ, ಕಾಲುವಿ ಲೆಕ್ಕದಾಗ ಹಂಗ ಬರೀತೇವಿ. ಬಿಟ್ಟ ನೀರೆಲ್ಲಾ ಹೊಲಕ್ಕ ಮುಟ್ಟಂಗಿಲ್ಲ. ಅಲ್ಲಿ ಇಲ್ಲಿ ಇಂಗಿ ಹೋಗ್ತದ. ಅದಕ್ಕಂತ ಮೊದಲ ಒಂದಿಷ್ಟು ತಗದು ಇಡಬೇಕು.”

“ಇಲ್ಲಿ ಎಲ್ಲಿ ಇಂಗ್ತದ?”

“ನಿಂದು ಇರ್ತದಲ್ಲ. ಬಳಿ ನೋಡ್ತಿ, ಪಿನ್ನು ನೋಡ್ತಿ, ಅದು ಇದು.”

“ಹಂಗಾರ ನಂದು ಅಂತ ಬರೀರಿ.”

“ಬರದ್ರ ಜಾಸ್ತಿ ಆಗ್ತದೇನು? ಅಷ್ಟ ರೊಕ್ಕ, ಹೆಸರು ಬ್ಯಾರೆ.”

ನನಗೆ ಬಳೆಯೂ ಬೇಡವಾಗಿತ್ತು, ಪಿನ್ನೂ ಬೇಡವಾಗಿತ್ತು. ಪ್ರವಾಸದ ಏಜೆಂಟ್ ಫೋನಿಗೆ ಕಳಿಸಿದ್ದ ಚಿತ್ರಗಳಲ್ಲಿ ಒಂದನ್ನು ನಾನು ಎಷ್ಟು ಸಲ ತೆರೆದು ನೋಡಿದ್ದೆನೋ ಗೊತ್ತಿಲ್ಲ. ಹಿಂದಕ್ಕೆ ಒರಗಿದ ಒಂದು ಕುರ್ಚಿ, ಅದರಲ್ಲಿ ಕಣ್ಣು ಮುಚ್ಚಿದ ಹೆಂಗಸು, ಅವಳ ಪಾದ ಇನ್ನೊಬ್ಬರ ಕೈಯಲ್ಲಿ. ಕಾಲಿನ ಮಸಾಜು, ಐವತ್ತು ನಿಮಿಷ, ಎರಡು ಸಾವಿರದ ನಾಲ್ಕುನೂರು. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಕೋಣೆಗೊಂದು ಕುರ್ಚಿ ಇರಲಿಲ್ಲ. ಇದ್ದ ಒಂದು ಹೆಡ್‌ಮಾಸ್ತರರದು. ಮೂವತ್ತೊಂದು ವರ್ಷ ನಿಂತು ಪಾಠ ಹೇಳಿದ ಕಾಲುಗಳಲ್ಲಿ ಹಸಿರು ನರಗಳು ಹುರಿಯಂತೆ ಉಬ್ಬಿದ್ದವು. ಆ ಕುರ್ಚಿಯಲ್ಲಿ ಕೂರಬೇಕು, ಅದೂ ಯಾರಿಗೂ ಲೆಕ್ಕ ಒಪ್ಪಿಸದೆ. ಇಡೀ ಹಡಗಿನಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ.

ಹೇಳಿದೆ.

“ಕಾಲು ತಿಕ್ಕಿಸ್ಕೊಳ್ಳಾಕ ಎರಡೂವರಿ ಸಾವಿರ?” ಅವರು ಕನ್ನಡಕ ತೆಗೆದರು. “ಊರಾಗ ಯಾರ ಮುಂದರ ಹೇಳಿಗೀಳೀಯ, ಬಿದ್ದು ಬಿದ್ದು ನಗ್ತಾರ. ನಾನ ತಿಕ್ಕತೀನಿ ತಗೋ, ನಂಗ ಐವತ್ತು ರೂಪಾಯಿ ಕೊಡು. ಪಗಾರ ನಿಂತೈತಿ, ನಂಗೂ ಒಂದು ಧಂಧೆ ಆತು.”

ಆಗ ನಾನು ಹಾಳೆಯನ್ನು ಹರಿಯಲಿಲ್ಲ. ನಕ್ಕೆ. ಹಾಳೆಯನ್ನು ಎದುರಿಗೆ ಇಟ್ಟುಕೊಂಡು ಇದನ್ನು ಬರೆಯುವಾಗ ಅದು ನೆನಪಾಗಿದೆ: ಚಹಾದ ಬಟ್ಟಲು ಕೈಯಲ್ಲಿ ಹಿಡಿದು, ಚಹಾ ಚೆಲ್ಲುವಷ್ಟು ನಕ್ಕೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಕಾಲು ಮುಟ್ಟದ ಮನುಷ್ಯ ಕಾಲು ತಿಕ್ಕುವ ಚೇಷ್ಟೆ ಮಾಡಿದರೆ ನಾನು ನಗುತ್ತೇನೆ. ಹರಿದ ಕಥೆಯನ್ನು ನಾನು ಕಟ್ಟಿಕೊಂಡದ್ದು ಆ ನಗುವನ್ನು ಮುಚ್ಚಲು ಇರಬೇಕು.

ಇನ್ನು ಉಡಿಯ ವಿಷಯ. ನಮ್ಮ ಕಡೆ ಊರು ಬಿಟ್ಟು ದೂರ ಹೋಗುವುದು ಯಾತ್ರೆಗೆ. ಕಾಶಿಗೆ, ಶ್ರೀಶೈಲಕ್ಕೆ, ಪಂಢರಪುರಕ್ಕೆ ಹೊರಟ ಹೆಂಗಸಿಗೆ ಬಳಗದವರು ಸೆರಗಿನಲ್ಲಿ ಅಕ್ಕಿ, ಕಾಯಿ ಹಾಕಿ ಉಡಿ ತುಂಬುತ್ತಾರೆ, ಮೇಲೆ ಒಂದು ರೂಪಾಯಿ ಸೇರಿಸಿ ಹಣ ಇಡುತ್ತಾರೆ. ಹೋಗಿ ಬಂದವಳು ಹಣ ಕೊಟ್ಟ ಪ್ರತಿಯೊಬ್ಬರಿಗೂ ಏನಾದರೂ ತರಬೇಕು. ತರದಿದ್ದರೆ ಯಾರೂ ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹಡಗು ಯಾತ್ರೆಯಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಮೊದಲು ಬಂದವರು ನನ್ನ ಗಂಡನ ಅಕ್ಕ. ಸುರಪುರದವರು, ತಾಯಿ ಇಲ್ಲದ ತಮ್ಮನನ್ನು ಸಾಕಿದವರು. ಬಂದವರೇ ಚೀಲದಿಂದ ಅಕ್ಕಿ ತೆಗೆದರು.

“ಅಕ್ಕಾರ, ಇದು ಯಾತ್ರಿ ಅಲ್ರಿ. ಹಡಗಿನ್ಯಾಗ ದೇವರಿಲ್ಲ, ಏನಿಲ್ಲ. ಉಣ್ಣೂದು, ತಿರಗೂದು, ಅಷ್ಟ.”

“ನೀರಿನ ಮ್ಯಾಲ ಹೋಗಾಕತ್ತೀರಿ, ದೇವರಿಲ್ಲದ ಹೋಗ್ತೀರೇನು? ಸೆರಗ ಹಿಡಿ ಸುಮ್ಮ.” ಅಕ್ಕಿಯ ಮೇಲೆ ಐದುನೂರ ಒಂದು ರೂಪಾಯಿ ಬಿತ್ತು. “ಗೋವಾದಾಗ ಗೋಡಂಬಿ ಭಾಳ ಛಲೋ ಇರ್ತಾವಂತ. ನಾ ಏನು ತಾ ಅನ್ನಂಗಿಲ್ಲಪಾ. ಹಂಗ ಹೇಳಿದೆ.”

ಒಂದು ವಾರದಲ್ಲಿ ಹನ್ನೊಂದು ಮಂದಿ ಬಂದರು. ಒಟ್ಟು ಎರಡು ಸಾವಿರದ ಐದುನೂರ ಹನ್ನೊಂದು ರೂಪಾಯಿ. ನನ್ನ ಗಂಡ ಹಾಳೆಯ ಹಿಂಬದಿಯಲ್ಲಿ ಹನ್ನೊಂದು ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ತರಬೇಕಾದದ್ದು ಬರೆದರು: ಗೋಡಂಬಿ ಒಂದು ಕಿಲೋ, ಗೋಡಂಬಿ ಅರ್ಧ ಕಿಲೋ. ಕೂಡಿಸಿದರು. ಕಡಿಮೆ ಬಿತ್ತು. ಉಡಿಯ ಹಣ ಪೂರ್ತಿ ಅದಕ್ಕೇ ಎಂದು ಬರೆದರು. ಆಗಲೂ ಕಡಿಮೆ ಬಿತ್ತು. ಮುಂಬದಿಗೆ ಬಂದು ಸೋರಿಕೆಯ ಒಂದು ಸಾವಿರದ ಇನ್ನೂರು ಹೊಡೆದುಹಾಕಿ ಐದುನೂರು ಮಾಡಿದರು. ಆ ಕೆಂಪು ಗೆರೆ ಇನ್ನೂ ಹಾಗೆಯೇ ಇದೆ.

ಕಾಲುವೆಯ ಕೊನೆಯ ಹೊಲದವರು ಅವರ ಕಚೇರಿಯ ಬಾಗಿಲಿಗೆ ಬಂದು ಒದರಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಮೇಲಿನವರು ಭತ್ತ ನಟ್ಟು ನೀರೆಲ್ಲ ಎಳೆದುಕೊಂಡಿರುತ್ತಿದ್ದರು. ಕೊನೆಯವರಿಗೆ ನೀರು ಸಿಗುತ್ತಿರಲಿಲ್ಲ, ಆದರೆ ಒದರಲು ಒಂದು ಕಚೇರಿಯಾದರೂ ಇತ್ತು.

ಹಡಗಿನ ಬಗ್ಗೆ ನನ್ನಿಂದ ವರ್ಣನೆ ನಿರೀಕ್ಷಿಸಬೇಡಿ. ಸಮುದ್ರದ ಬಗ್ಗೆ ನನ್ನ ತಲೆಯಲ್ಲಿ ಇರುವುದು ಫೋಟೋದಲ್ಲಿ ಕಂಡದ್ದೋ ಕಣ್ಣಲ್ಲಿ ಕಂಡದ್ದೋ ಬಿಡಿಸಿ ಹೇಳಲಾರೆ. ಖಚಿತವಾಗಿ ನೆನಪಿರುವುದು ಕೌಂಟರು. ಹಡಗಿನಲ್ಲಿ ನಗದು ನಡೆಯುವುದಿಲ್ಲ ಎಂದು ಅಲ್ಲಿ ಹೇಳಿದರು. ಕೋಣೆಗೊಂದು ಖಾತೆ, ಖಾತೆಗೊಂದು ಕಾರ್ಡು, ಕೌಂಟರಿನಲ್ಲಿ ಹಣ ಕಟ್ಟಿ ತುಂಬಿಸಿಕೊಳ್ಳಬೇಕು. ಖಾತೆ ನನ್ನ ಗಂಡನ ಹೆಸರಿಗೆ. ಒಂದು ಕಾಫಿ ಕುಡಿದರೂ ಅವರ ಫೋನು ಕುಂಯ್ ಅನ್ನುತ್ತಿತ್ತು.

ಅವರು ಕೈಖರ್ಚನ್ನು ದಿನಕ್ಕೊಂದು ಲಕೋಟೆ ಮಾಡಿ, ಮೇಲೆ ದಿನ ಬರೆದು, ಹತ್ತರ ಇಪ್ಪತ್ತರ ನೋಟು ತುಂಬಿ ತಂದಿದ್ದರು. ಕೌಂಟರಿನ ಹುಡುಗಿ, ಎಲ್ಲ ಒಮ್ಮೆಲೇ ಕಟ್ಟಿಬಿಡಿ ಸಾರ್ ಎಂದು ಹಿಂದಿಯಲ್ಲಿ ಹೇಳಿದಳು. ಇವರು ಕೇಳಲಿಲ್ಲ. ಅಂದಿನ ಲಕೋಟೆ ಮಾತ್ರ ಒಡೆದರು. ಹಿಂದೆ ಸಾಲು ಬೆಳೆಯಿತು. ಆ ಹುಡುಗಿ ಹತ್ತರ ನೋಟುಗಳನ್ನು ಎಣಿಸಿದಳು, ಇವರು ಅವಳು ಎಣಿಸುವುದನ್ನು ಎಣಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಅಲ್ಲಿಯೂ ನಿಂತೇ ಇದ್ದೆ.

ಗೋವಾದಲ್ಲಿ ಹಡಗು ನಿಂತ ದಿನ ಎಲ್ಲರೂ ಇಳಿದರು. ನಾನು ಕಾಲು ನೋವು ಎಂದೆ. ಸುಳ್ಳಲ್ಲ.

“ಬರಂಗಿಲ್ಲೇನು? ಛಲೋ ಆತು ಬಿಡು, ಟ್ಯಾಕ್ಸಿದಾಗ ಒಂದು ಸೀಟು ಉಳೀತು,” ಎಂದು ಗೆಳೆಯರ ಜೊತೆ ಹೋದರು. ಉಡಿಯ ಹಣ ನನ್ನ ಚೀಲದಲ್ಲೇ ಇತ್ತು. ಕೊಡು ಎಂದಿದ್ದರು. ಕೊಡುತ್ತೇನೆ ಎಂದು ಕೊಟ್ಟಿರಲಿಲ್ಲ.

ಮಧ್ಯಾಹ್ನ ಕೌಂಟರಿಗೆ ಹೋದೆ. ನನ್ನ ಹೆಸರಿಗೆ ಬೇರೆ ಕಾರ್ಡು ಆಗುತ್ತದೆಯೇ ಎಂದು ನಮ್ಮ ಕಡೆಯ ಹಿಂದಿಯಲ್ಲಿ ಕೇಳಿದೆ. ಆಗುತ್ತದೆ, ಹೆಸರು ಹೇಳಿ ಎಂದಳು. ಹೇಳಿದೆ. ಕಂಪ್ಯೂಟರಿನಲ್ಲಿ ಬಡಿದಳು. ಯಂತ್ರ ಒಂದು ಕಾರ್ಡು ಉಗುಳಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಈ ನಿಮಿಷದಲ್ಲಿ ನನಗೆ ಸಂತೋಷವಾಯಿತು ಎಂದು ಬರೆಯಬೇಕು ಅನಿಸುತ್ತದೆ. ಆಗಲಿಲ್ಲ. ಇಷ್ಟು ಸಲೀಸಾದ ಕೆಲಸಕ್ಕೆ ಮೂವತ್ತೊಂದು ವರ್ಷ ಹೋದವಲ್ಲ ಎಂದು ಸಿಟ್ಟು ಬಂತು.

ಮಸಾಜಿನ ದರದ ಮೇಲೆ ತೆರಿಗೆ ಇತ್ತು. ಅದು ಚಿತ್ರದಲ್ಲಿ ಬರೆದಿರಲಿಲ್ಲ. ಎರಡು ಸಾವಿರದ ಎಂಟುನೂರ ಮೂವತ್ತೆರಡು. ಉಡಿಯ ಹನ್ನೊಂದು ನಾಣ್ಯ ತೆಗೆದುಕೊಳ್ಳುವುದಿಲ್ಲ ಎಂದರು, ನೋಟಿನಲ್ಲಿ ನನ್ನ ಹತ್ತಿರ ಎರಡೂವರೆ ಸಾವಿರ ರೂಪಾಯಿ ಇತ್ತು. ಕೋಣೆಗೆ ವಾಪಸು ಹೋಗಿ ಮರುದಿನದ ಲಕೋಟೆಯಿಂದ ನಾಲ್ಕುನೂರು ತೆಗೆದೆ. ಕಳ್ಳತನ ಎಂಬ ಮಾತು ತಲೆಯಲ್ಲಿ ಬಂತು. ಯಾರ ಹಣ, ಯಾರು ಕದ್ದರು ಎಂದು ನನಗೆ ನಾನೇ ಜೋರಾಗಿ ಬೈದುಕೊಂಡೆ, ಕೋಣೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಆ ಐವತ್ತು ನಿಮಿಷ. ನಾನು ಕಣ್ಣೀರು ಹಾಕಿದೆ ಎಂದು ಕೆಲವರಿಗೆ ಹೇಳಿದ್ದೇನೆ, ಕೇಳುವವರಿಗೆ ಅದು ಸೇರುತ್ತದೆ. ಅಳಲಿಲ್ಲ. ಮಸಾಜಿನ ಹುಡುಗಿ ಕಾಲಿನ ನರ ನೋಡಿ ಒಂದು ಕ್ಷಣ ಕೈ ಹಿಂದೆ ತೆಗೆದಳು, ಇಲ್ಲಿ ಒತ್ತುವುದಿಲ್ಲ, ಸುತ್ತ ಮಾತ್ರ ಒತ್ತುತ್ತೇನೆ ಎಂದಳು. ಎಣ್ಣೆ ಬೆಚ್ಚಗಿತ್ತು. ಸುಮಾರು ಹತ್ತು ನಿಮಿಷದ್ದು ನೆನಪಿದೆ, ಉಳಿದದ್ದು ಇಲ್ಲ. ನಿದ್ದೆ ಹೋಗಿರಬೇಕು. ಇಷ್ಟೆಲ್ಲ ಮಾಡಿ ಪಡೆದದ್ದರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ನನ್ನ ಹತ್ತಿರ ಉಳಿದಿದೆ.

ಸಂಜೆ ಗೋಡಂಬಿಯ ಚೀಲ ಹೊತ್ತು ನನ್ನ ಗಂಡ ಬಂದರು. ಲಕೋಟೆ ಎಣಿಸಿದರು.

“ಇದರಾಗ ನಾಲ್ಕುನೂರು ಕಮ್ಮಿ ಅದ.”

‘ಸೋರಿಕಿ’ ಎಂದು ನಾನು ಉತ್ತರ ಕೊಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆ ಜಾಣತನ ಆಗ ಹೊಳೆಯಲಿಲ್ಲ. “ನಾ ತಗೊಂಡೀನಿ. ಕಾಲಿಗೆ,” ಎಂದೆ. “ಉಡಿ ರೊಕ್ಕನೂ ಅದಕ್ಕ ಹಾಕೀನಿ.”

ಅವರು ಬೈಯಲಿಲ್ಲ. ಹಾಸಿಗೆಯ ಮೇಲೆ ಕೂತು ಲಕೋಟೆಯನ್ನು ಮಡಿಚಿದರು, ಬಿಚ್ಚಿದರು. “ಅಕ್ಕಗ ಏನಂತ ಹೇಳಲಿ?” ಎಂದರು. ನನ್ನ ಕಾಲು ಹೇಗಿದೆ ಎಂದು ಕೇಳಲಿಲ್ಲ.

ಅಕ್ಕನಿಗೆ ಹೇಳಿದ್ದು ಅವರೇ. ಶಹಾಪುರಕ್ಕೆ ಬಂದ ಮೇಲೆ, ಅಕ್ಕ ಗೋಡಂಬಿ ಒಯ್ಯಲು ಬಂದಾಗ, ನಗೆಚಾಟಿಕೆಯಂತೆ ಹೇಳಿದರು.

“ಇಕಿ ನಿನ್ನ ಐದುನೂರು ಕಾಲಿಗೆ ಸುರದಾಳ ನೋಡಕ್ಕ.”

ಅಕ್ಕ ನಗಲಿಲ್ಲ. “ನಾ ಕೊಟ್ಟಿದ್ದು ಯಾತ್ರಿಗೆ.”

“ಯಾತ್ರಿ ಅಲ್ಲ ಅಂತ ನಾ ಅವತ್ತ ಹೇಳಿದ್ದೆ ಅಕ್ಕಾರ,” ಎಂದೆ. “ಗೋಡಂಬಿ ಬಂದಾವಲ್ಲ ನಿಮಗ?”

“ಗೋಡಂಬಿ ನನ್ನ ತಮ್ಮ ತಂದಾನ. ನೀ ಏನು ತಂದಿ? ಉಡಿ ಒಳಗಿನ ರೊಕ್ಕ ಯಾರರ ಕಾಲಿಗೆ ಹಾಕ್ತಾರೇನು? ಹೊಳ್ಳಿ ಕೊಡು ನಂದು.”

ಉಡಿಯ ಹಣವನ್ನು ವಾಪಸು ಕೇಳಿದವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೊಡಬೇಕು ಅನಿಸಿತು, ಆಗಲೇ, ಅವರ ಕೈಯಲ್ಲೇ. ಒಳಗೆ ಹೋದೆ. ನನ್ನ ಚೀಲದಲ್ಲಿ ಇದ್ದದ್ದು ಒಟ್ಟು ಎಪ್ಪತ್ತೊಂಬತ್ತು ರೂಪಾಯಿ. ಹೊರಗೆ ಬಂದು ಗಂಡನ ಮುಂದೆ ಕೈ ಚಾಚಿದೆ. “ಐದುನೂರ ಒಂದು ಕೊಡ್ರಿ.” ಅವರು ಎದ್ದು ಕಪಾಟು ತೆಗೆದರು, ನನಗೆ ಕೊಟ್ಟರು, ನಾನು ಅವರ ಅಕ್ಕನಿಗೆ ಕೊಟ್ಟೆ.

ಅದೇ ಕೊನೆ, ಆಮೇಲೆ ಕೈ ಚಾಚಲಿಲ್ಲ ಎಂದು ಬರೆಯುವುದಿಲ್ಲ. ಆಮೇಲೆ ಎರಡು ಸಲ ಚಾಚಿದ್ದೇನೆ, ಒಮ್ಮೆ ಚಪ್ಪಲಿಗೆ, ಒಮ್ಮೆ ಫೋನಿನ ರೀಚಾರ್ಜಿಗೆ. ರೀಚಾರ್ಜಿಗೆ ಕೇಳಿದಾಗ ಅವರು, “ಯಾಕ, ಹ್ವಾದ ತಿಂಗಳ ಹಾಕಿಸಿದ್ದೆಲ್ಲ?” ಎಂದರು. ಅಷ್ಟೇ ಅಂದದ್ದು. ಕೆಟ್ಟ ಮಾತಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬ್ಯಾಂಕಿಗೆ ಹೋದೆ.

ಕಿಟಕಿಯ ಹಿಂದೆ ಇದ್ದವನು ನನ್ನ ಹತ್ತಿರ ಕಲಿತ ಹುಡುಗ. ಎದ್ದು ನಿಂತ. “ಏನ್ರಿ ಟೀಚರ್, ಸಾಹೇಬ್ರು ಬಂದಿಲ್ಲೇನ್ರಿ?”

“ಅವ್ರ ಪಿಂಚಣಿ ಬ್ಯಾರೆ ಅದ. ನಂದು ನನ್ನ ಒಬ್ಬಾಕಿ ಖಾತಿಗೆ ಬೀಳಬೇಕು. ಏನು ಬರಕೊಡಬೇಕು ಹೇಳು.”

“ಯಾಕ್ರಿ ಟೀಚರ್, ಮನ್ಯಾಗ ಏನರ…”

“ಫಾರಂ ಕೊಡಪಾ.”

ಕೊಟ್ಟ. ಗೋಡೆಗೆ ಹತ್ತಿಸಿದ ಹಲಗೆಯ ಮೇಲಿಟ್ಟು ಬರೆಯತೊಡಗಿದೆ. ಸಿಟ್ಟಿನಲ್ಲಿ ಒತ್ತಿ ಬರೆದು ಮೊದಲನೆಯದು ಹರಿದುಹೋಯಿತು. ಇನ್ನೊಂದು ಕೇಳಿದೆ.